ಕಟ್ಟು ಹಾಕಿಸುವ ಮುನ್ನ

ಹಳೆಯ ಕಾಗದವೊಂದು ಅಟ್ಟದಿಂದ ಇಳಿದು ಬಂತೆಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಎರಡೇ ಗತಿ. ಒಂದೋ ರದ್ದಿಯವನ ತಕ್ಕಡಿ, ಇಲ್ಲವೇ ಗೋಡೆಯ ಮೊಳೆ. ಮೊದಲನೆಯದು ಅಸಡ್ಡೆ, ಎರಡನೆಯದು ಅಕ್ಕರೆ ಎಂದು ಎಲ್ಲರೂ ಒಪ್ಪುತ್ತಾರೆ. ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯಿರಲಿ, ಶಿವಕಾಶಿ ಕ್ಯಾಲೆಂಡರಿನ ಸುಬ್ರಹ್ಮಣ್ಯನಿರಲಿ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲಿರಲಿ, ಮುತ್ತಜ್ಜನ ಲಗ್ನಪತ್ರಿಕೆಯಿರಲಿ, ಪೇಟೆಗೆ ಒಯ್ದು ಕಟ್ಟು ಹಾಕಿಸಿ ಗಾಜಿನೊಳಗೆ ಕೂರಿಸಿಬಿಟ್ಟರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಎಂಬ ನೆಮ್ಮದಿ ನಮ್ಮದು. ನನ್ನ ತಕರಾರು ಇರುವುದು ಈ ನೆಮ್ಮದಿಯ ಮೇಲೆ. ಕಟ್ಟು ಹಾಕಿಸುವುದೆಂದರೆ ಕಾಗದವನ್ನು ನಾಲ್ಕು ಜನಕ್ಕೆ ತೋರಿಸುವುದು. ಅದನ್ನು ಉಳಿಸುವುದು ಬೇರೆಯದೇ ಕೆಲಸ, ಮತ್ತು ಈ ಎರಡು ಕೆಲಸಗಳಿಗೆ ಒಂದಕ್ಕೊಂದು ಹೊಂದಿಕೆಯಿಲ್ಲ. ತೋರಿಸಿದಷ್ಟೂ ಕಾಗದದ ಆಯುಷ್ಯ ಕಡಿಮೆಯಾಗುತ್ತದೆ. ರದ್ದಿಯವನು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸವನ್ನು ಕೆಟ್ಟ ಕಟ್ಟು ನಾಲ್ಕು ದಶಕ ಹಿಡಿದು, ನಮ್ಮ ಕಣ್ಣೆದುರಿಗೇ, ನಮ್ಮ ಪ್ರೀತಿಯ ಹೆಸರಿನಲ್ಲೇ ಮಾಡಿ ಮುಗಿಸುತ್ತದೆ.

ಇಷ್ಟು ದೊಡ್ಡ ಮಾತನ್ನು ಎಂಥ ಕಾಗದದ ಬಗ್ಗೆ ಆಡುತ್ತಿದ್ದೇನೆ ಎಂಬುದನ್ನು ಹೇಳಿಬಿಡಬೇಕು. ರವಿವರ್ಮನ ದೇವರ ಪಟಗಳನ್ನೇ ತೆಗೆದುಕೊಳ್ಳೋಣ. ತನ್ನ ತೈಲಚಿತ್ರಗಳನ್ನು ಅರಮನೆಯ ಗೋಡೆಗಳಿಂದಾಚೆಗೂ ಮುಟ್ಟಿಸಬೇಕೆಂದು ಆತ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ. ಮುಂದೆ ಅದು ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು, ಅಲ್ಲಿ ಫ್ರಿಟ್ಜ್ ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಬಂತು, 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಸಿನಿಮಾ ಮಾಡುವುದಕ್ಕೆ ಮುಂಚೆ ದಾದಾಸಾಹೇಬ್ ಫಾಲ್ಕೆ ಕೂಡ ಕೆಲಕಾಲ ಅಲ್ಲಿ ಕೆಲಸ ಮಾಡಿದ್ದುಂಟು. ಅಲ್ಲಿ ನಡೆಯುತ್ತಿದ್ದುದು ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಬಣ್ಣ ಸವರಿದರೆ ಜಿಡ್ಡಿರುವ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು, ಕಮಲದ ನಸುಗೆಂಪಿಗೆ ಇನ್ನೊಂದು, ಕೊಳದ ನೀರಿಗೆ ಮತ್ತೊಂದು. ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಒಂದು ಕೂದಲೆಳೆಯಷ್ಟೂ ಜರುಗದಂತೆ ಹಾದು ಬರಬೇಕು. ಕೊನೆಗೆ ಅದು ತೈಲಚಿತ್ರದಂತೆ ಕಾಣಲೆಂದು ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಕನ್ನಡಕ್ಕೂ ಕಲ್ಲಚ್ಚಿಗೂ ಹಳೆಯ ನಂಟಿದೆ. ನಮ್ಮ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಿನಿಂದಲೇ ಎದ್ದು ಬಂದದ್ದು. ಇಂಥ ಹಾಳೆಗಳು ಸಾವಿರಗಟ್ಟಲೆ ಅಚ್ಚಾದವು, ಅಗ್ಗಕ್ಕೆ ಮಾರಿಹೋದವು, ಆದ್ದರಿಂದಲೇ ಯಾರೂ ಜೋಪಾನ ಮಾಡಲಿಲ್ಲ. ಒಂದೇ ಒಂದು ಇರುವ ತೈಲಚಿತ್ರಕ್ಕೆ ಮೈಸೂರಿನ ಜಗನ್ಮೋಹನ ಅರಮನೆ ಸಿಕ್ಕಿತು. ಸಾವಿರ ಇದ್ದ ಪಟಕ್ಕೆ ಒಲೆಯ ಹೊಗೆಯೂ ಗೆದ್ದಲೂ ಸಿಕ್ಕಿದವು.

ಕಾಗದದ ಶತ್ರು ಹೊರಗಿನಿಂದ ಬರುತ್ತದೆ, ಗಾಜು ಹಾಕಿದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಅರ್ಧ ನಿಜ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ ಬಂದ ಬಹುಪಾಲು ಕಾಗದ ತನ್ನ ರೋಗವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದೆ. ಅದಕ್ಕೆ ಹಿಂದೆ ಕಾಗದ ಮಾಡುತ್ತಿದ್ದುದು ಹತ್ತಿ, ನಾರು, ಚಿಂದಿ ಬಟ್ಟೆಯಿಂದ. 1840ರ ದಶಕದಲ್ಲಿ ಮರವನ್ನೇ ಅರೆದು ಕಾಗದ ಮಾಡುವ ಉಪಾಯ ಯುರೋಪಿನಲ್ಲಿ ಸಿಕ್ಕಿತು. ಮರದಲ್ಲಿ ಲಿಗ್ನಿನ್ ಎಂಬ ಅಂಟಿದೆ, ಅದು ಬೆಳಕಿಗೆ ಗಾಳಿಗೆ ಹಳದಿಯಾಗುತ್ತದೆ. ನೆನ್ನೆಯ ದಿನಪತ್ರಿಕೆಯನ್ನು ಬಿಸಿಲಲ್ಲಿ ಬಿಟ್ಟು ಸಂಜೆ ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಜೊತೆಗೆ, ಮಸಿ ಹರಡದಿರಲೆಂದು ಕಾಗದಕ್ಕೆ ಪಟಿಕದ ಜೊತೆ ರಾಳ ಬೆರೆಸುವ ಪದ್ಧತಿ 1807ರಷ್ಟು ಹಿಂದೆಯೇ ಜರ್ಮನಿಯಲ್ಲಿ ಶುರುವಾಗಿತ್ತು. ಆ ಪಟಿಕ ತೇವದ ಜೊತೆ ಸೇರಿ ನಿಧಾನವಾಗಿ ಆಮ್ಲವಾಗುತ್ತದೆ, ಆಮ್ಲ ಕಾಗದದ ನಾರನ್ನು ತುಂಡು ತುಂಡು ಮಾಡುತ್ತದೆ. ಮಡಚಿದರೆ ಹಪ್ಪಳದ ಸದ್ದು ಮಾಡಿ ಮುರಿಯುವ ಹಳೆಯ ಪಂಚಾಂಗ ಮುರಿದದ್ದು ಮುಪ್ಪಿನಿಂದ ಅಂದುಕೊಳ್ಳುತ್ತೇವೆ, ಆದರೆ ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಕಡತದ ಕಾಗದ ಇನ್ನೂ ಬಟ್ಟೆಯಂತೆ ಬಳುಕುತ್ತಿರುತ್ತದೆ. ವಯಸ್ಸಿಗಿಂತ ಹುಟ್ಟಿನ ಗುಣವೇ ಇಲ್ಲಿ ದೊಡ್ಡದು.

ಇಂಥ ಕಾಗದವನ್ನು ಕಟ್ಟು ಹಾಕುವ ಅಂಗಡಿಗೆ ಒಯ್ದರೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಗಡಿಯವನು ಅಳತೆ ತೆಗೆದು, ಕಟ್ಟಿಗೆ ಕೂಡುವಂತೆ ಅಂಚನ್ನು ಬ್ಲೇಡಿನಿಂದ ಸವರುತ್ತಾನೆ. ಪಟವನ್ನು ನೇರವಾಗಿ ಗಾಜಿನ ಮೇಲೆ ಕವುಚುತ್ತಾನೆ. ಹಿಂದಕ್ಕೆ ಹಾರ್ಡ್‌ಬೋರ್ಡು, ಹಿಂದಿನ ಕಾಲದಲ್ಲಾದರೆ ಸಾಮಾನಿನ ಪೆಟ್ಟಿಗೆ ಒಡೆದ ಹಲಗೆ. ಸುತ್ತ ಸಣ್ಣ ಮೊಳೆ. ಮೇಲೆ ಮೈದಾ ಅಂಟಿನಲ್ಲಿ ಬ್ರೌನ್ ಪೇಪರ್. ಕೊಕ್ಕೆ, ತಂತಿ, ಮುಗಿಯಿತು. ಕೈಚಳಕಕ್ಕೆ ಹೆಸರಿಡುವಂತಿಲ್ಲ, ಆದರೆ ಒಂದೊಂದು ಹೆಜ್ಜೆಯೂ ಕಾಗದಕ್ಕೆ ಒಂದೊಂದು ಕುತ್ತು. ಹಲಗೆಯೂ ಹಾರ್ಡ್‌ಬೋರ್ಡೂ ಮರವೇ ತಾನೇ, ಅವು ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತವೆ. ಐವತ್ತು ಅರವತ್ತು ವರ್ಷದ ಹಳೆಯ ಕಟ್ಟನ್ನು ಬಿಚ್ಚಿ ಪಟದ ಬೆನ್ನು ನೋಡಿದರೆ ಹಲಗೆಯ ಗೆರೆ, ಗಂಟು, ಎರಡು ಹಲಗೆ ಕೂಡಿದ ಸಂದು, ಎಲ್ಲವೂ ಕಂದು ಬಣ್ಣದಲ್ಲಿ ಕಾಗದದ ಮೇಲೆ ಅಚ್ಚಾಗಿರುತ್ತವೆ. ಯಾವ ಕಲ್ಲೂ ಇಲ್ಲದೆ ಮರವೇ ತೆಗೆದ ಅಚ್ಚು ಅದು. ಸಂದಿನಿಂದ ಗಾಳಿ, ದೂಳು ಒಳಗೆ ಬಂದ ಕಡೆ ಆ ಗೆರೆ ಮುಂದಕ್ಕೂ ಹಾಯ್ದು ಸರಸ್ವತಿಯ ವೀಣೆಯ ಮೇಲೆ ನೆಟ್ಟಗೆ ಇಳಿದಿರುತ್ತದೆ. ಮೈದಾ ಅಂಟು ಬೆಳ್ಳಿಹುಳಕ್ಕೆ ಹಬ್ಬದೂಟ. ಅದಕ್ಕೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುವುದು ನಮ್ಮ ಬೈಂಡಿಂಗಿನವರ ಹಳೆಯ ಜಾಣತನ. ಹುಳ ದೂರವಾಗುವುದು ನಿಜ, ಆದರೆ ತುತ್ತದ ತಾಮ್ರ ಕಾಗದದ ನಾರನ್ನು ತಾನೇ ತಿನ್ನಲು ಕೂರುತ್ತದೆ. ಇನ್ನು ಗಾಜು. ರಾತ್ರಿ ಗೋಡೆ ತಣ್ಣಗಾದಾಗ ಗಾಜಿನ ಒಳಮೈ ಬೆವರುತ್ತದೆ. ಆ ಬೆವರು ಇಳಿಯಲು ಜಾಗವಿಲ್ಲದೆ ಕಾಗದದ ಮೇಲೆಯೇ ಇಳಿಯುತ್ತದೆ, ವಾರ್ನಿಷ್ ಬಳಿದ ಪಟವಾದರೆ ಗಾಜಿಗೇ ಅಂಟಿ ಕೂರುತ್ತದೆ. ಹಾಗೆ ಅಂಟಿದ್ದನ್ನು ಎಳೆದು ಬಿಡಿಸಲು ಹೋದರೆ ದೇವರ ಮುಖ ಗಾಜಿನಲ್ಲಿ, ಬಿಳಿ ಕಾಗದ ಕೈಯಲ್ಲಿ. ಅಂಥದನ್ನು ಗಾಜಿನ ಸಮೇತ ಹಾಗೇ ಎತ್ತಿಟ್ಟು ಬಲ್ಲವರ ಕೈಗೆ ಕೊಡಬೇಕೇ ಹೊರತು ಮನೆಯಲ್ಲಿ ಸಾಹಸ ಮಾಡಬಾರದು. ಗಾಳಿಯಲ್ಲಿ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಏಳುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಆಷಾಢದಲ್ಲಿ ಅದು 85ನ್ನೂ ದಾಟುವುದು ಮಾಮೂಲು. ಪಡುವಣ ಗೋಡೆಗೆ ಆತು ತೂಗಿದ ಪಟ ಕರಾವಳಿಯಲ್ಲಿ ಪ್ರತಿ ವರ್ಷ ಒಂದೊಂದು ಕಂದು ಚುಕ್ಕೆಯನ್ನು ಹೆಚ್ಚಿಸಿಕೊಳ್ಳುತ್ತದೆ.

ಇವೆಲ್ಲಕ್ಕೂ ಹೇಗೋ ಪರಿಹಾರವಿದೆ. ಬೆಳಕಿಗೆ ಇಲ್ಲ. ಬೆಳಕು ಮಾಡಿದ ಹಾನಿ ಮರಳದ ಹಾನಿ, ಮತ್ತು ಅದು ಕೂಡುತ್ತಾ ಹೋಗುವ ಲೆಕ್ಕ. ಇವತ್ತಿನ ಬೆಳಕು ನಾಳೆಯ ಕತ್ತಲಲ್ಲಿ ವಜಾ ಆಗುವುದಿಲ್ಲ. ಸಂಗ್ರಹಾಲಯಗಳು ಕಾಗದದ ವಸ್ತುಗಳನ್ನು ತೋರಿಸುವಾಗ ಬೆಳಕನ್ನು 50 ಲಕ್ಸ್‌ಗೆ ಇಳಿಸುತ್ತವೆ. ಬೇಗ ಮಾಸುವ ಬಣ್ಣಗಳಿಗೆ ವರ್ಷವಿಡೀ ಸೇರಿ 15,000 ಲಕ್ಸ್-ಗಂಟೆಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಬೆಳಕಿನ ಅಂತಾರಾಷ್ಟ್ರೀಯ ಆಯೋಗದ ಸೂಚನೆ. ಈಗ ಒಂದು ಸಾಧಾರಣ ಹಜಾರದ ಲೆಕ್ಕ ಹಾಕೋಣ. ಹಗಲ ಬೆಳಕೂ ಟ್ಯೂಬ್‌ಲೈಟೂ ಸೇರಿ ಗೋಡೆಯ ಮೇಲೆ 200 ಲಕ್ಸ್ ಬೀಳುತ್ತದೆ, ದಿನಕ್ಕೆ ಹನ್ನೆರಡು ಗಂಟೆ ಎಂದಿಟ್ಟುಕೊಂಡರೆ ವರ್ಷಕ್ಕೆ 8,76,000 ಲಕ್ಸ್-ಗಂಟೆ. ಸಂಗ್ರಹಾಲಯವೊಂದು ಐವತ್ತೆಂಟು ವರ್ಷಕ್ಕೆ ಹಂಚಿಕೊಡುವ ಬೆಳಕನ್ನು ನಮ್ಮ ಹಜಾರ ಒಂದೇ ವರ್ಷದಲ್ಲಿ ಸುರಿದುಬಿಡುತ್ತದೆ. ಕಿಟಕಿಯ ಎದುರಿನ ಗೋಡೆಯ ಮಾತು ಬೇಡವೇ ಬೇಡ. ಇದರ ಫಲವನ್ನು ನೋಡಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಯಾವುದಾದರೂ ಹಳೆಯ ಕ್ಷೌರದಂಗಡಿಯ ಗೋಡೆ ಸಾಕು. ಅಲ್ಲಿನ ಸಿನಿಮಾ ತಾರೆಯರೆಲ್ಲ ನೀಲಿ ಮುಖದವರು. ಅಚ್ಚಿನ ನಾಲ್ಕು ಬಣ್ಣಗಳಲ್ಲಿ ಕೆಂಪೂ ಹಳದಿಯೂ ಮೊದಲು ಹಾರಿಹೋಗುತ್ತವೆ. 1930ರ ದಶಕದಲ್ಲಿ ಬಂದ ಥ್ಯಾಲೊಸಯನೀನ್ ನೀಲಿ ಮಾತ್ರ ಗಟ್ಟಿಪಿಂಡ, ಅದೂ ಕಪ್ಪೂ ಕೊನೆಗೆ ಉಳಿಯುತ್ತವೆ. ರಾಮನಿಗೂ ಕೃಷ್ಣನಿಗೂ ಇದರಿಂದ ಅಷ್ಟು ನಷ್ಟವಿಲ್ಲ. ಲಕ್ಷ್ಮಿಯ ಕೆಂಪು ಸೀರೆಗೆ ಪೂರ್ತಿ ನಷ್ಟ.

ಇಲ್ಲಿ ಫ್ರೇಮ್ ಅಂಗಡಿಗಳ ಹೊಸ ಪೀಳಿಗೆ ಒಂದು ಸಮಾಧಾನ ಹೇಳುತ್ತದೆ: ‘ಯುವಿ ಗಾಜು ಹಾಕಿಸಿ ಸಾರ್, ಏನೂ ಆಗಲ್ಲ.’ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುವ ಗಾಜು, ಆಕ್ರಿಲಿಕ್ ಹಾಳೆ ನಿಜಕ್ಕೂ ಇವೆ, ಹಾಕಿಸುವವರು ಹಾಕಿಸಲಿ. ಆದರೆ ಬಣ್ಣವನ್ನು ಕೊಲ್ಲುವುದು ನೇರಳಾತೀತ ಒಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಅದೇ ಕೆಲಸವನ್ನು ಇನ್ನಷ್ಟು ನಿಧಾನವಾಗಿ ಮಾಡುತ್ತದೆ. ಆ ಬೆಳಕನ್ನೂ ತಡೆಯುವ ಗಾಜು ಹಾಕಿದರೆ ಪಟವೇ ಕಾಣುವುದಿಲ್ಲ. ಯುವಿ ಗಾಜು ಸಾವನ್ನು ಮುಂದೂಡುತ್ತದೆ ಅನ್ನುವುದಾದರೆ ಒಪ್ಪಬಹುದು, ಏನೂ ಆಗುವುದಿಲ್ಲ ಅನ್ನುವುದು ವ್ಯಾಪಾರದ ಮಾತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ನಮ್ಮ ಹಿರಿಯರ ಮನೆಯ ಪಟಗಳು ಇದೇ ಹಲಗೆ, ಇದೇ ಗಾಜು, ಇದೇ ಮೊಳೆಗಳ ನಡುವೆ ನೂರು ವರ್ಷ ಇದ್ದು ಇಂದಿಗೂ ಕಳೆಗುಂದಿಲ್ಲವಲ್ಲ? ಹೌದು, ಅಂಥವು ಇವೆ. ಆದರೆ ನಮಗೆ ಕಾಣುವುದು ಉಳಿದವು ಮಾತ್ರ. ಬೂಷ್ಟು ಹಿಡಿದು, ಗೆದ್ದಲು ತಿಂದು, ಹೊಳೆಗೆ ಬಿಟ್ಟ ಸಾವಿರಾರು ಪಟಗಳು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದವು ಏಕೆ ಉಳಿದವು ಎಂದು ಕೇಳಿದರೆ ಉತ್ತರ ಕಟ್ಟಿನಲ್ಲಿಲ್ಲ, ಮನೆಯಲ್ಲಿದೆ. ತೊಟ್ಟಿಮನೆಯ ಪಡಸಾಲೆ ಮಟಮಟ ಮಧ್ಯಾಹ್ನದಲ್ಲೂ ಮಬ್ಬಾಗಿರುತ್ತಿತ್ತು. ಪಟಗಳ ಸಾಲು ತಲೆಬಾಗಿಲ ಮೇಲೆ, ತೊಲೆಯ ಕೆಳಗೆ, ಬೆಳಕು ಹತ್ತಲಾರದ ಎತ್ತರದಲ್ಲಿ. ಅದೂ ಗೋಡೆಗೆ ಒರಗಿಸಿ ಅಲ್ಲ, ನೋಡುವವನ ಕಡೆಗೆ ಮುಂದಕ್ಕೆ ಬಾಗಿಸಿ ಹಗ್ಗದಲ್ಲಿ ಇಳಿಬಿಟ್ಟು. ಹಾಗೆ ಬಾಗಿಸಿದ್ದು ಕೆಳಗೆ ನಿಂತು ಕೈಮುಗಿಯುವವನಿಗೆ ದೇವರು ಕಾಣಲೆಂದು ಇರಬೇಕು, ಆದರೆ ಅದರಿಂದ ಹಿಂದೆ ಗಾಳಿಯಾಡಲು ಜಾಗವಾಯಿತು, ಗೋಡೆಯ ತೇವ ತಾಗಲಿಲ್ಲ, ಅಂಗಳದ ಬೆಳಕು ಗಾಜಿನ ಮೇಲೆ ನೇರ ಬೀಳಲಿಲ್ಲ. ಕಲ್ಲಚ್ಚಿನ ಕಾಲದ ಕೆಲವು ಬಣ್ಣಗಳು ಮಣ್ಣಿನ, ಖನಿಜದ ಬಣ್ಣಗಳು, ಅವಕ್ಕೆ ತಾಳಿಕೆಯೂ ಹೆಚ್ಚು. ಅದೇ ಪಟ ಈಗ ಬಂದು ಸೇರಿರುವುದು ಬಿಳಿ ಗೋಡೆಯ, ಆಳೆತ್ತರ ಕಿಟಕಿಯ ಫ್ಲ್ಯಾಟಿಗೆ. ಅದರ ಮೇಲೆ ಸ್ಪಾಟ್‌ಲೈಟು ಬೇರೆ. ಹಳೆಯ ಮನೆ ಕೊಟ್ಟ ಕತ್ತಲನ್ನು ಬಿಟ್ಟು ಹಳೆಯ ಕಟ್ಟನ್ನಷ್ಟೇ ತಂದುಕೊಂಡು ‘ಅಂದಿನಿಂದ ಹೀಗೇ ಇತ್ತು’ ಅಂದರೆ ಕಾಗದ ಕೇಳುವುದಿಲ್ಲ.

ಹಾಗಾದರೆ ದೇವರನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಕೇ, ನೋಡಲೆಂದೇ ಅಚ್ಚಾದದ್ದನ್ನು ಯಾರೂ ನೋಡದ ಹಾಗೆ ಇಟ್ಟರೆ ಉಳಿದರೇನು ಬಿಟ್ಟರೇನು? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಕೇಳುವವರ ಪಕ್ಷದಲ್ಲಿ ನ್ಯಾಯವಿದೆ. ಆದರೆ ಇದಕ್ಕೆ ನಮ್ಮ ಗುಡಿಗಳೇ ಎಂದೋ ಒಂದು ಏರ್ಪಾಡು ಮಾಡಿಕೊಂಡಿವೆ. ಮೂಲ ವಿಗ್ರಹ ಗರ್ಭಗುಡಿಯ ನಂದಾದೀಪದ ಮಬ್ಬಿನಲ್ಲಿ ಇರುತ್ತದೆ. ಬೀದಿಗೆ, ತೇರಿಗೆ, ಬಿಸಿಲಿಗೆ, ಮಳೆಗೆ ಬರುವುದು ಉತ್ಸವಮೂರ್ತಿ. ಉತ್ಸವಮೂರ್ತಿಗೆ ಕೈಮುಗಿದವರು ಯಾರೂ ತಮಗೆ ಮೋಸವಾಯಿತು ಎಂದುಕೊಂಡಿಲ್ಲ. ಕಾಗದಕ್ಕೂ ಇದೇ ಏರ್ಪಾಡು ಸಾಕು. ಒಳ್ಳೆಯ ಸ್ಕ್ಯಾನರಿನಲ್ಲಿ ಪ್ರತಿ ತೆಗೆಸಿ, ಅದೇ ಅಳತೆಗೆ ಅಚ್ಚು ಹಾಕಿಸಿ, ಅದಕ್ಕೆ ಕಟ್ಟು ಹಾಕಿಸಿ ಬೇಕಾದ ಗೋಡೆಗೆ, ಬೇಕಾದ ಬೆಳಕಿಗೆ ತೂಗುಹಾಕಿ. ಮಾಸಿದರೆ ಇನ್ನೊಂದು. ಮೂಲ ಹಾಳೆ ಬೀರುವಿನಲ್ಲಿ ಮಲಗಿರಲಿ. ‘ನಕಲು ನಕಲೇ’ ಎಂದು ಮೂಗು ಮುರಿಯುವವರು ಒಂದು ಮಾತನ್ನು ನೆನೆಯಬೇಕು. ರವಿವರ್ಮ ಪ್ರೆಸ್ಸಿನ ಪಟವೇ ತೈಲಚಿತ್ರದ ನಕಲು. ಒಮ್ಮೆ ಕಲ್ಲಿನಿಂದ ಕಾಗದಕ್ಕೆ ಬಂದು ಸಾವಿರ ಮನೆಗಳ ಮಂಗಳಾರತಿ ಸ್ವೀಕರಿಸಿದ ಲಕ್ಷ್ಮಿ ಇಂಕ್‌ಜೆಟ್‌ನಿಂದ ಬಂದರೆ ಒಲ್ಲೆ ಅನ್ನುವುದಿಲ್ಲ. ಮೂಲವನ್ನೇ ಕಾಣಬೇಕೆಂಬ ಹಂಬಲ ಇದ್ದವರು ವರ್ಷಕ್ಕೆ ಒಂದೆರಡು ತಿಂಗಳು, ವರಮಹಾಲಕ್ಷ್ಮಿಗೋ ನವರಾತ್ರಿಗೋ ಅದನ್ನು ಹೊರಗಿಟ್ಟು ಮತ್ತೆ ಒಳಗಿಡಲಿ. ಸಂಗ್ರಹಾಲಯಗಳು ಕಾಗದದ ಚಿತ್ರಗಳನ್ನು ಕೆಲವು ತಿಂಗಳು ತೋರಿಸಿ ವರ್ಷಗಟ್ಟಲೆ ವಿಶ್ರಾಂತಿಗೆ ಕಳುಹಿಸುವುದೂ ಇದೇ ಲೆಕ್ಕಾಚಾರದ ಮೇಲೆ.

ಕಟ್ಟು ಹಾಕುವ ಮೇಜಿನ ಮೇಲೆ ನಡೆಯುವ ಇನ್ನೊಂದು ಅನಾಹುತಕ್ಕೆ ಆಮ್ಲವೂ ಬೇಡ, ಬೆಳಕೂ ಬೇಡ, ಬ್ಲೇಡೊಂದೇ ಸಾಕು. ಪಟದ ಅಂಚಿನಲ್ಲಿ ಬಿಳಿ ಜಾಗ ಬಿಟ್ಟು, ಕೆಳಗೆ ಚಿಕ್ಕ ಅಕ್ಷರದಲ್ಲಿ ಅಚ್ಚುಕೂಟದ ಹೆಸರು, ಊರು, ಪಟದ ಸಂಖ್ಯೆ ಹಾಕಿರುತ್ತಾರೆ. ಕ್ಯಾಲೆಂಡರಾದರೆ ಯಾವುದೋ ಊರಿನ ಜವಳಿ ಅಂಗಡಿಯ, ಊದುಬತ್ತಿಯ, ಬೀಡಿಯ ಜಾಹೀರಾತು. ದೇವರ ಕಾಲಡಿಯಲ್ಲಿ ಬೀಡಿ ಏಕೆ ಎಂದು ಭಕ್ತರು ಅದನ್ನು ಕತ್ತರಿಸುತ್ತಾರೆ, ಅಳತೆಗೆ ಕೂಡಲೆಂದು ಅಂಗಡಿಯವನು ಕತ್ತರಿಸುತ್ತಾನೆ. ಕತ್ತರಿಸಿದ ಮೇಲೆ ಉಳಿಯುವುದು ಎಲ್ಲಿ, ಯಾವಾಗ, ಯಾರಿಗಾಗಿ ಅಚ್ಚಾಯಿತೆಂದು ಹೇಳಲಾಗದ ಒಂದು ಸುಂದರ ಮುಖ. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತ್, ಕೋವಿಲ್ಪಟ್ಟಿಯ ಕೊಂಡಯ್ಯ ರಾಜು ಇವರ ಕುಂಚದ ದೇವತೆಗಳು ಮನೆಮನೆಯನ್ನು ಹೊಕ್ಕದ್ದು ಕ್ಯಾಲೆಂಡರುಗಳ ಮೂಲಕವೇ. ಆ ಪಯಣದ ದಾರಿ ಗೊತ್ತಾಗುವುದು ಆ ಅಂಚಿನ ಅಕ್ಷರದಿಂದ. ನನ್ನನ್ನು ಕೇಳಿದರೆ ದೇವರ ಮುಖಕ್ಕೆ ನೂರು ಪ್ರತಿ ಸಿಗಬಹುದು, ಚಿಕ್ಕ ಊರಿನ ಜವಳಿ ಅಂಗಡಿಯ ಟೆಲಿಫೋನ್ ನಂಬರಿಗೆ ಇದೊಂದೇ ಪ್ರತಿ. ಅಂಚು ದೊಡ್ಡದಾದರೆ ಕಟ್ಟು ದೊಡ್ಡದು ಮಾಡಿಸಬೇಕು, ಅಷ್ಟೇ.

ಹಾಗೆಯೇ ಪಟದ ಮೇಲಿನ ಕುಂಕುಮದ ಬೊಟ್ಟು, ಹಣೆಗೆ ಹಚ್ಚಿದ ಗಂಧ, ಯಾವಳೋ ಗೃಹಿಣಿ ಪಟದ ಸೀರೆಯ ಮೇಲೆ ಅಂಟಿಸಿದ ಜರಿ, ಹೊಲಿದ ಮಿಣುಕು. ಪಟಗಳಿಗೆ ಹೀಗೆ ಸೀರೆ ಉಡಿಸುವ ಹವ್ಯಾಸ ಒಂದು ಕಾಲಕ್ಕೆ ಹೆಂಗಸರಲ್ಲಿ ಬಲವಾಗಿತ್ತು. ‘ಕ್ಲೀನ್’ ಮಾಡಿಸಿ ಹೊಸದರಂತೆ ಮಾಡುವ ಉತ್ಸಾಹದಲ್ಲಿ ಇದನ್ನೆಲ್ಲ ಒರೆಸಿಹಾಕಿದರೆ ಉಳಿಯುವುದು ಅಂಗಡಿಯಿಂದ ಬಂದ ದಿನದ ಪಟ. ಅದು ಬಾಳಿದ ಬಾಳು ಅಳಿಸಿಹೋಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ದೂಳು ಹೊಡೆಯುವುದಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿ ಮಾಡಲೇಬಾರದು. ಗಾಜು ಒರೆಸುವಾಗ ಕೂಡ ದ್ರಾವಣವನ್ನು ಗಾಜಿನ ಮೇಲೆ ಸಿಂಪಡಿಸಬಾರದು, ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಗಾಜಿನಿಂದ ಇಳಿದ ಹನಿ ಕೆಳಗಿನ ಚೌಕಟ್ಟಿನ ಸಂದಿನಲ್ಲಿ ನುಸುಳಿ ಕಾಗದ ಹೀರಿತೆಂದರೆ, ಒಣಗಿದ ಮೇಲೆ ನೀರು ನಿಂತಷ್ಟು ಎತ್ತರಕ್ಕೆ ಕಂದು ಗೆರೆಯೊಂದು ಉಳಿದುಬಿಡುತ್ತದೆ.

ಅತಿ ಬುದ್ಧಿವಂತರ ಉತ್ತರ ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡಿಗೆ ಮಾಡಿಸಿದ ಹಾಗೆ ಅಜ್ಜನ ಜಾತಕಕ್ಕೂ ಮಾಡಿಸುತ್ತಾರೆ. ಅಲ್ಲಿ ಪ್ಲಾಸ್ಟಿಕ್ಕಿನ ಅಂಟನ್ನು ಕಾವಿನಿಂದ ಕರಗಿಸಿ ಕಾಗದದ ನಾರಿನೊಳಕ್ಕೇ ಒತ್ತುತ್ತಾರೆ. ಆಮ್ಲ ಒಳಗೇ ಇರುತ್ತದೆ, ಹೊರಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಈ ಮೋಹಕ್ಕೆ ದೊಡ್ಡ ದೊಡ್ಡ ಪತ್ರಾಗಾರಗಳೂ ಬಿದ್ದಿದ್ದವು. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಅಸಿಟೇಟ್ ಲ್ಯಾಮಿನೇಷನ್‌ಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು 1950ರ ದಶಕದಲ್ಲಿ ಯಂತ್ರವಿಲ್ಲದೆ ಅಸಿಟೋನಿನಿಂದಲೇ ಕೈಯಲ್ಲಿ ಮಾಡುವ ವಿಧಾನ ಕಂಡುಹಿಡಿದರು. ಆಗ ಅದು ಜಾಣ ಉಪಾಯವಾಗಿತ್ತು. ಈಗ ಅದನ್ನು ಬಿಡಿಸುವುದೇ ಒಂದು ಪ್ರತ್ಯೇಕ ಕೆಲಸವಾಗಿದೆ. ಈ ಇತಿಹಾಸದಿಂದ ಕಾಗದದ ವೈದ್ಯರು ಕಟ್ಟಿಕೊಂಡ ನಿಯಮ ನನಗೆ ತುಂಬ ಹಿಡಿಸಿದೆ: ನಾಳೆ ಬಿಚ್ಚಲಾಗದ್ದನ್ನು ಇಂದು ಮಾಡಬಾರದು. ಅಂಟಿಲ್ಲದ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚನ್ನು ಮಾತ್ರ ಮುಚ್ಚುವುದು ಈ ನಿಯಮಕ್ಕೆ ಒಪ್ಪುತ್ತದೆ, ಬೇಡವಾದಾಗ ಕತ್ತರಿಸಿ ತೆಗೆಯಬಹುದು. ಸೆಲ್ಲೊಟೇಪು ಯಾವ ಕಾಲಕ್ಕೂ ಒಪ್ಪುವುದಿಲ್ಲ. ಟೇಪು ಒಣಗಿ ಉದುರಿದರೂ ಅದರ ಅಂಟು ಹಳದಿ ಪಟ್ಟೆಯಾಗಿ ಕಾಗದದೊಳಗೆ ಶಾಶ್ವತವಾಗಿ ಇಳಿದಿರುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಸಂತೆಯಲ್ಲಿ ಕೆಲವೇ ರೂಪಾಯಿಗೆ ಸಿಕ್ಕ ಬೆಂಕಿಪೊಟ್ಟಣದ ಚಿತ್ರಕ್ಕೆ ಸಾವಿರಾರು ರೂಪಾಯಿಯ ಕಟ್ಟೇ? ಎಲ್ಲಕ್ಕೂ ಕಟ್ಟು ಬೇಕೆಂದವರು ಯಾರು? ಸಿನಿಮಾದ ಹಾಡಿನ ಪುಸ್ತಕವನ್ನು ಬಿಚ್ಚಿ ಕಟ್ಟು ಹಾಕಿಸಿದರೆ ಪುಸ್ತಕ ಸತ್ತಂತೆ, ಅದಕ್ಕೆ ಪೆಟ್ಟಿಗೆಯೇ ಸರಿ. ಕಟ್ಟು ಹಾಕಿಸಲೇಬೇಕಾದದ್ದಕ್ಕೆ ಅಂಗಡಿಯವನ ಬಳಿ ಕೇಳಬೇಕಾದ್ದು ಹೆಚ್ಚೇನಿಲ್ಲ. ಗಾಜಿಗೂ ಪಟಕ್ಕೂ ನಡುವೆ ಒಂದು ಕಿಟಕಿಯಂತೆ ಕತ್ತರಿಸಿದ ದಪ್ಪ ಮೌಂಟ್ ಬೋರ್ಡ್ ಇರಲಿ, ಅದೂ ಹಿಂದಿನ ಬೋರ್ಡೂ ಆಮ್ಲವಿಲ್ಲದ್ದಾಗಿರಲಿ, ಹಿಂದೆ ಮರದ ಹಲಗೆ ತಾಗದಿರಲಿ. ಮಾಮೂಲಿ ಮೌಂಟ್ ಹಾಕಿದರೆ ಕಿಟಕಿ ಕತ್ತರಿಸಿದ ಅಂಚಿನುದ್ದಕ್ಕೂ ಪಟದ ಮೇಲೆ ಕಂದು ಗೆರೆ ಮೂಡುತ್ತದೆ. ಪಟವನ್ನು ಬೋರ್ಡಿಗೆ ಅಂಟಿಸಬಾರದು. ಕಪ್ಪು ಹಾಳೆಯ ಹಳೆಯ ಆಲ್ಬಮ್ಮುಗಳಲ್ಲಿ ಫೋಟೊಗಳನ್ನು ನಾಲ್ಕು ಮೂಲೆಯ ಪುಟ್ಟ ತ್ರಿಕೋನಗಳಲ್ಲಿ ಸಿಕ್ಕಿಸುತ್ತಿದ್ದರಲ್ಲ, ಆ ವಿಧಾನಕ್ಕೆ ಮಿಗಿಲಾದದ್ದು ಇನ್ನೂ ಬಂದಿಲ್ಲ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಕಿಟಕಿಯ ಎದುರಿನ ಗೋಡೆ ಬಿಟ್ಟು ಒಳಗೋಡೆಗೆ ಬದಲಿಸಲು ಕಾಸೇ ಬೇಡ. ಕಟ್ಟಿಲ್ಲದ ಹಾಳೆಗಳನ್ನು ಸುರುಳಿ ಸುತ್ತದೆ, ಮಡಚದೆ, ಮಲಗಿಸಿ ಇಡಬೇಕು. ದಿನಪತ್ರಿಕೆಯಲ್ಲಿ ಸುತ್ತಿದರೆ ಅದರ ಆಮ್ಲವೆಲ್ಲ ಇದಕ್ಕೆ ದಾಟುತ್ತದೆ. ಬೇವಿನೆಲೆ, ಬಜೆ ಇಡುವವರು ಹಾಳೆಗೆ ತಾಗದಂತೆ ಇಡಲಿ, ಎಲೆಯ ಆಕಾರದ ಕಲೆ ಕಾಗದದ ಮೇಲೆ ಬಹಳ ಚೆನ್ನಾಗಿ ಮೂಡುತ್ತದೆ. ನುಸಿಗುಳಿಗೆಯ ವಾಸನೆಗಿಂತ ವರ್ಷಕ್ಕೆರಡು ಸಲ ಪೆಟ್ಟಿಗೆ ತೆರೆದು ನೋಡುವುದಕ್ಕೇ ಹುಳ ಹೆಚ್ಚು ಹೆದರುತ್ತದೆ.

ಇಷ್ಟೆಲ್ಲ ಏಕೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಪ್ರಿಂಟು ಇಂದು ಉಳಿದಿಲ್ಲ. ಹೀಗೆ ರೀಲು ಕರಗಿಹೋದ ಚಿತ್ರಗಳ ಬಗ್ಗೆ ಏನಾದರೂ ತಿಳಿಯಬೇಕಾದರೆ ಕಾಗದದ ಮೊರೆಯನ್ನೇ ಹೋಗಬೇಕು: ಒಂದು ಜಾಹೀರಾತು, ಒಂದು ಹಾಡಿನ ಪುಸ್ತಕ, ಒಂದು ಭಿತ್ತಿಪತ್ರದ ಚೂರು. ಒಂದು ಕಾಲಕ್ಕೆ ಮ್ಯಾಂಚೆಸ್ಟರಿನಿಂದ ಬಂದ ಬಟ್ಟೆಯ ಥಾನಿಗೆ ಅಂಟಿಸಿ ಬಿಸಾಡುತ್ತಿದ್ದ ಬಣ್ಣದ ಚೀಟಿಗಳನ್ನು ಇವತ್ತು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್ ಸಂಗ್ರಹಾಲಯ ಕಲೆಯೆಂದು ಕಾಪಾಡುತ್ತಿದೆ. ಬಿಸಾಡುವ ಕಾಗದ ಯಾವುದು, ಇಡುವ ಕಾಗದ ಯಾವುದು ಎಂದು ತೀರ್ಮಾನಿಸುವ ಹಕ್ಕು ಅದು ಅಚ್ಚಾದ ಕಾಲಕ್ಕೆ ಇರುವುದಿಲ್ಲ, ಮುಂದಿನವರಿಗೆ ಇರುತ್ತದೆ. ಅಲ್ಲಿಯವರೆಗೆ ಅದನ್ನು ಹಾಳಾಗದಂತೆ ದಾಟಿಸುವುದಷ್ಟೇ ನಮ್ಮ ಪಾಲು. ತೀರ ಜೀರ್ಣವಾದದ್ದನ್ನು ತೋರಿಸಲು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಎಂಬ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯಿದೆ.

ಆದ್ದರಿಂದ ಕಟ್ಟು ಹಾಕುವ ಅಂಗಡಿಗೆ ಹೊರಟವರು ಒಂದು ದಿನ ತಡೆದು, ಹಾಳೆಯ ಮುಂದನ್ನೂ ಬೆನ್ನನ್ನೂ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಅದು ಯಾವ ಮನೆಯದು, ಯಾವ ಊರಿನದು, ಯಾರ ಕೈಯಿಂದ ಬಂದದ್ದು ಎಂದು ಗೊತ್ತಿದ್ದಷ್ಟನ್ನು ಬೆನ್ನಿನ ಮೂಲೆಯಲ್ಲಿ ಬರೆದಿಡಿ. ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನು ಬೇಡ.